ಆಕ್ಸಲ್ ನಟ್ಟು ಜಾಮ್ ಆಗಿದೆ, ಪೈಪ್ ಹಾಕಿ ಎಳೆಯಲೋ ಬೇಡವೋ?

ಎಡದಂಡೆ:
ಎಲ್ಲರಿಗೂ ನಮಸ್ಕಾರ. ಸಿಂಧನೂರು ಕಡೆಯವನು ನಾನು. ಅಪ್ಪನ ಹಳೇ ಸ್ಪ್ಲೆಂಡರ್‌ನ ಚೈನ್ ಪೂರ್ತಿ ಜೋತು ಬಿದ್ದಿದೆ, ಗುಂಡಿ ಸಿಕ್ಕಾಗಲೆಲ್ಲ ಕವರಿಗೆ ಬಡಿಯುತ್ತದೆ. ಮನೆಯಲ್ಲೇ ಟೈಟ್ ಮಾಡೋಣ ಅಂತ ಕೂತೆ. ಹಿಂದಿನ ಚಕ್ರದ ಆಕ್ಸಲ್ ನಟ್ಟು ಕೂದಲೆಳೆಯಷ್ಟೂ ಕದಲುತ್ತಿಲ್ಲ.

ಗಾಡಿ ವರ್ಷವಿಡೀ ಗದ್ದೆ ಬದುವಿನ ಮೇಲೇ ಓಡಾಡುತ್ತದೆ. ಯೂರಿಯಾ, ಪೊಟ್ಯಾಷ್ ಚೀಲ, ಡೀಸೆಲ್ ಕ್ಯಾನು, ಔಷಧಿ ಹೊಡೆಯುವ ಪಂಪು ಎಲ್ಲವೂ ಇದರ ಮೇಲೇ. ನಟ್ಟನ್ನು ಹತ್ತಿರದಿಂದ ನೋಡಿದೆ. ಆರು ಮೂಲೆಯಲ್ಲಿ ಎರಡು ಆಗಲೇ ಉರುಟಾಗಿವೆ, ಹಿಂದೆ ಪಂಕ್ಚರ್‌ಗೆ ಬಿಟ್ಟಾಗ ಅಲ್ಲಿನ ಹುಡುಗ ಸ್ಕ್ರೂ ಸ್ಪ್ಯಾನರ್ ಹಾಕಿ ತಿರುವಿದ್ದ. ಥ್ರೆಡ್ ಹೊರಗೆ ಚಾಚಿರುವ ಕಡೆ ಮಣ್ಣು, ಹಳೇ ಗ್ರೀಸು, ತುಕ್ಕು ಸೇರಿ ಗಟ್ಟಿ ಹೆಪ್ಪು. ನಟ್ಟು ಎಲ್ಲಿ ಮುಗಿಯಿತು, ಆಕ್ಸಲ್ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ.

ಗ್ಯಾರೇಜಿನಲ್ಲಿ ಕೇಳಿದರೆ ಆಕ್ಸಲ್ ಕಟ್ ಮಾಡಿ ಹೊಸದು ಹಾಕಬೇಕು, ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ಗೆ ಏನಾದರೂ ಆದರೆ ಅದರ ಖರ್ಚೂ ನಿಮ್ಮದೇ ಅಂದರು. ನನ್ನ ಹತ್ತಿರ ರಿಂಗ್ ಸ್ಪ್ಯಾನರ್ ಸೆಟ್, ಸುತ್ತಿಗೆ, ಚಾಣ, ಪಂಪ್‌ಸೆಟ್ಟಿನ ಹಳೇ ಜಿಐ ಪೈಪ್ ಇವೆ. ಪೈಪನ್ನು ಸ್ಪ್ಯಾನರಿಗೆ ತೊಡಿಸಿ ಎಳೆದುಬಿಡಲಾ? ಇಲ್ಲ ಕಾಯಿಸಲಾ? ನಾಟಿ ಶುರುವಾಗುವುದರೊಳಗೆ ಗಾಡಿ ಬೇಕು.

ಸಿರುಗುಪ್ಪ ಲಾರಿ:
ಪೈಪ್ ಹಾಕು, ಎಳಿ, ಬರುತ್ತೆ. ಇದಕ್ಕೆಲ್ಲ ಯೋಚನೆ ಯಾಕೆ.

ಲೇತ್ ಬಳ್ಳಾರಿ:
ತಮ್ಮಾ, ಪೈಪ್ ಮುಟ್ಟಬೇಡ. ಈಗಲೇ ಅಂತೂ ಬೇಡ.

ಲೆಕ್ಕ ಹೇಳುತ್ತೇನೆ ಕೇಳು. ಕಾಲು ಮೀಟರ್ ಉದ್ದದ ಸ್ಪ್ಯಾನರ್ ತುದಿಗೆ 20 ಕೆಜಿ ತೂಕ ಹಾಕಿ ಒತ್ತಿದರೆ ನಟ್ಟಿಗೆ ಹೋಗುವುದು ಸುಮಾರು 50 ನ್ಯೂಟನ್ ಮೀಟರ್ ತಿರುಚುವ ಬಲ. ಅದೇ 20 ಕೆಜಿಯನ್ನು ಒಂದು ಮೀಟರ್ ಪೈಪಿನ ತುದಿಯಲ್ಲಿ ಹಾಕಿದರೆ ಸುಮಾರು 200. ಪೈಪ್ ಹಿಡಿದವನು 20 ಕೆಜಿಗೆ ನಿಲ್ಲುವುದಿಲ್ಲ, ಮೈಮೇಲಿನ ಭಾರವೆಲ್ಲ ಹಾಕುತ್ತಾನೆ. 12 ಮಿಲಿಮೀಟರ್ ದಪ್ಪದ 8.8 ಗ್ರೇಡ್, ಅಂದರೆ ಗಟ್ಟಿ ಸ್ಟೀಲಿನ ಬೋಲ್ಟನ್ನು ಟೈಟ್ ಮಾಡುವುದೇ ಸುಮಾರು 80ಕ್ಕೆ. ತುಕ್ಕು ಬಿಡುವ ಮುಂಚೆ ಆಕ್ಸಲ್ ತಿರುಚಿಕೊಳ್ಳುತ್ತದೆ, ಇಲ್ಲ ಉಳಿದ ನಾಲ್ಕು ಮೂಲೆಯೂ ಉರುಟಾಗುತ್ತವೆ. ಮೂಲೆ ಹೋದ ಮೇಲೆ ನಿನ್ನ ಕೈಯಲ್ಲಿ ಕತ್ತರಿಸುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಸಿರುಗುಪ್ಪ ಲಾರಿ:
ಅಣ್ಣ, ನಾವು ಲಾರಿ ಚಕ್ರಕ್ಕೆ ದಿನಾ ಪೈಪ್ ಹಾಕುತ್ತೇವೆ. ಪೈಪಿನ ಮೇಲೆ ಹತ್ತಿ ನಿಂತು ಕುಣಿಯುತ್ತೇವೆ. ಚಕ್ರದ ನಟ್ಟು ಕೂರುವ ಒಂದು ಸ್ಟಡ್ಡೂ ಮುರಿದಿಲ್ಲ.

ಲೇತ್ ಬಳ್ಳಾರಿ:
ಲಾರಿಯ ಸ್ಟಡ್ಡು 20, 22 ಮಿಲಿಮೀಟರ್ ದಪ್ಪ. ತಿರುಚುವ ಬಲವನ್ನು ತಡೆಯುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 12ಕ್ಕೂ 22ಕ್ಕೂ ಹೋಲಿಸಿದರೆ ಆರು ಪಟ್ಟು ವ್ಯತ್ಯಾಸ. ಅಲ್ಲಿ ಸರಿಹೋದದ್ದು ಇಲ್ಲಿ ಸರಿಹೋಗುವುದಿಲ್ಲ. ನೀವು ಮಾಡುವ ಕೆಲಸ ತಪ್ಪು ಅಂತ ಹೇಳುತ್ತಿಲ್ಲ, ಅದು ಲಾರಿಗೆ ಸರಿ.

ಸಿರುಗುಪ್ಪ ಲಾರಿ:
ಆಯ್ತು, ದಪ್ಪದ ಮಾತು ಒಪ್ಪಿದೆ. ಆದರೂ ಸಣ್ಣ ಪೈಪ್, ಅರ್ಧ ಮೀಟರ್ ಇದ್ದರೆ ತಪ್ಪೇನಿಲ್ಲ ಅನ್ನುತ್ತೇನೆ.

ಕೆಎ36:
ಮೊದಲು ಯಾವ ಕಡೆ ತಿರುಗಿಸುತ್ತಿದ್ದೀಯ ಅದನ್ನು ಹೇಳು. ಗಾಡಿಯ ಆಚೆ ಬದಿ ಕೂತು ಬಗ್ಗಿ ನೋಡುತ್ತಾ ತಿರುಗಿಸುವವರು ಎಷ್ಟೋ ಸಲ ಇನ್ನೂ ಟೈಟ್ ಮಾಡುತ್ತಿರುತ್ತಾರೆ. ನಟ್ಟಿನ ಮುಖ ನಿನ್ನ ಮುಖಕ್ಕೆ ಎದುರಾಗಿ ಇರಬೇಕು, ಆಗ ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕು.

ಎಡದಂಡೆ:
ದಿಕ್ಕು ಸರಿಯಾಗಿಯೇ ಇದೆ ಅಣ್ಣ, ಎದುರು ಕೂತೇ ತಿರುಗಿಸಿದೆ.

ಹಳೇ ಬುಲೆಟ್:
ಉಲ್ಟಾ ಥ್ರೆಡ್ ಇರಬಹುದಾ?

ಲೇತ್ ಬಳ್ಳಾರಿ:
ಈ ಗಾಡಿಯ ಆಕ್ಸಲ್‌ಗೆ ಇಲ್ಲ. ಉಲ್ಟಾ ಥ್ರೆಡ್ ಬರುವ ಜಾಗಗಳೇ ಬೇರೆ. ಸೈಕಲ್ಲಿನ ಎಡಗಡೆ ಪೆಡಲ್, ಯಮಹಾ ಗಾಡಿಗಳ ಬಲಗಡೆ ಕನ್ನಡಿ, ಕೆಲವು ಹಳೇ ಲಾರಿಗಳ ಎಡಗಡೆ ಚಕ್ರದ ನಟ್ಟು. ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಅಸಿಟಿಲೀನ್ ಸಿಲಿಂಡರಿನ ಕನೆಕ್ಷನ್ ನಟ್ಟೂ ಉಲ್ಟಾ. ಗುರುತಿಗೆ ಅಂತ ಆ ನಟ್ಟಿನ ಮೂಲೆಗಳ ಮೇಲೆ ಕಚ್ಚು ಹಾಕಿರುತ್ತಾರೆ, ನೋಡಿ. ಆಕ್ಸಿಜನ್‌ದು ಸೀದಾ.

ಕೊಪ್ಪಳದ ಟೀಚರ್:
ಪೊಟ್ಯಾಷ್ ಚೀಲ ಅಂದಿರಲ್ಲ, ನಿಮ್ಮ ನಟ್ಟಿನ ಅರ್ಧ ಕತೆ ಅಲ್ಲೇ ಇದೆ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಹೊಲಕ್ಕೆ ಹಾಕುವ ಕೆಂಪು ಪೊಟ್ಯಾಷ್ ಅಂದರೆ ಪೊಟ್ಯಾಸಿಯಮ್ ಕ್ಲೋರೈಡ್. ಅದೂ ಒಂದು ಉಪ್ಪೇ. ಚೀಲ ತೂತಾಗಿ ಹಿಂದಿನ ಚಕ್ರದ ಕಡೆ ಉದುರಿದ ಪುಡಿ ಗಾಳಿಯ ತೇವ ಹಿಡಿದುಕೊಂಡು ಕೂರುತ್ತದೆ. ಆ ಉಪ್ಪುನೀರು ಥ್ರೆಡ್ಡಿನ ಸಂದಿಗೆ ಇಳಿಯುತ್ತದೆ. ಕ್ಲೋರೈಡ್ ಇದ್ದ ಕಡೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಎಡದಂಡೆ ಕಾಲುವೆ ಕೆಳಗಿನ ಎಷ್ಟೋ ಹೊಲಗಳು ನೀರು ನಿಂತು ನಿಂತು ಸೌಳಾಗಿವೆ, ಅಲ್ಲಿನ ಕೆಸರಲ್ಲೂ ಉಪ್ಪಿದೆ. ಎರಡೂ ಸೇರಿದರೆ ಕೇಳಬೇಕೇ.

ಇನ್ನೊಂದು ವಿಷಯ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಥ್ರೆಡ್ಡಿನ ಮಧ್ಯೆ ಆ ಜಾಗ ಎಲ್ಲಿದೆ? ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ, ಹಾಗೆ ಒಳಗಿಂದಲೇ ಒತ್ತಿ ಹಿಡಿದುಬಿಡುತ್ತದೆ. ನಿಮ್ಮ ನಟ್ಟು ಟೈಟ್ ಆಗಿಲ್ಲ, ಕಚ್ಚಿಕೊಂಡಿದೆ. ಟೈಟ್ ಆದದ್ದನ್ನು ಬಲ ಹಾಕಿ ಬಿಚ್ಚಬಹುದು. ಕಚ್ಚಿಕೊಂಡದ್ದಕ್ಕೆ ಮೊದಲು ತುಕ್ಕನ್ನು ಒಡೆಯಬೇಕು, ತಿರುಗಿಸುವುದು ಆಮೇಲೆ.

ಲೇತ್ ಬಳ್ಳಾರಿ:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಲೆಕ್ಕದಲ್ಲಿ ಹೇಳಿದ್ದನ್ನು ಅವರು ಬಿಡಿಸಿ ಹೇಳಿದರು.

ಗಂಗಾವತಿ ರೈಸ್‌ಮಿಲ್:
ನಮ್ಮ ಮಿಲ್ಲಿನಲ್ಲಿ ಎಲಿವೇಟರ್ ಬೋಲ್ಟುಗಳು ಹೀಗೇ ಹಿಡಿದುಕೊಳ್ಳುತ್ತವೆ. ಚಿಮಣಿ ಎಣ್ಣೆ ಹಾಕಿ ರಾತ್ರಿ ಬಿಡುತ್ತೇವೆ, ಬೆಳಿಗ್ಗೆ ಬರುತ್ತೆ. ಈಗ ಚಿಮಣಿ ಎಣ್ಣೆ ಸಿಗುವುದೇ ಕಷ್ಟ, ಡೀಸೆಲ್ ಆದರೂ ನಡೆಯುತ್ತೆ.

ಮಸ್ಕಿ ತಮ್ಮ:
ಡಬ್ಲ್ಯೂಡಿ-40 ಹೊಡೀರಿ ಸಾಕು.

ಶಕ್ತಿನಗರ ಫಿಟ್ಟರ್:
ಅದೊಂದೇ ಸಾಕಾಗುವುದಿಲ್ಲ. ಡಬ್ಲ್ಯೂಡಿ-40 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾದದ್ದು, ಲೋಹದ ಮೇಲಿನ ನೀರನ್ನು ಹೊರಗೆ ತಳ್ಳಿ ತುಕ್ಕು ಬಾರದ ಹಾಗೆ ಕಾಯಲು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಬಳಿಯುತ್ತಿದ್ದರು. ತುಕ್ಕು ಬಾರದಂತೆ ನೋಡಿಕೊಳ್ಳುವುದು ಒಂದು ಕೆಲಸ, ಆಗಲೇ ಕಚ್ಚಿದ ತುಕ್ಕಿನೊಳಗೆ ಇಳಿಯುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಅಂತಲೇ ಬೇರೆ ಪೆನೆಟ್ರೇಟಿಂಗ್ ಎಣ್ಣೆ ಬರುತ್ತವೆ, ಅದೇ ಕಂಪನಿಯದ್ದೂ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಅಂತ ಕೇಳಿದರೆ ಕೊಡುತ್ತಾರೆ. ಸಿಗದಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆಯನ್ನೂ ಅಸಿಟೋನನ್ನೂ ಸಮಸಮ ಬೆರೆಸಿಕೊಳ್ಳಿ. ಅವೆರಡೂ ಬೇರೆ ಬೇರೆಯಾಗಿ ನಿಲ್ಲುತ್ತವೆ, ಪ್ರತಿ ಸಲ ಅಲ್ಲಾಡಿಸಿಯೇ ಹಾಕಬೇಕು. ಅಸಿಟೋನ್‌ಗೆ ಬೇಗ ಬೆಂಕಿ ಹತ್ತುತ್ತದೆ, ಪೇಂಟನ್ನೂ ತಿನ್ನುತ್ತದೆ. ಬಯಲಲ್ಲಿ ಇಟ್ಟು ಮಾಡಿ, ಬೀಡಿ ಸಿಗರೇಟು ದೂರ ಇಡಿ.

ಆದರೆ ಯಾವ ಎಣ್ಣೆ ಅನ್ನುವುದಕ್ಕಿಂತ ಹೇಗೆ ಹಾಕುತ್ತೀರಿ ಅನ್ನುವುದು ಮುಖ್ಯ. ಮಣ್ಣಿನ ಹೆಪ್ಪಿನ ಮೇಲೆ ಡಬ್ಬಿ ಖಾಲಿ ಮಾಡಿದರೂ ಎಣ್ಣೆ ಒಳಗೆ ಹೋಗುವುದಿಲ್ಲ. ಮೊದಲು ವೈರ್ ಬ್ರಷ್ ಹಿಡಿದು ಹೊರಗೆ ಚಾಚಿದ ಥ್ರೆಡ್ ಹೊಳೆಯುವವರೆಗೆ ಉಜ್ಜಿ. ನಟ್ಟಿಗೂ ವಾಷರಿಗೂ ಮಧ್ಯದ ಗೆರೆಯನ್ನು ಸೂಜಿಯಿಂದ ಕೆರೆಯಿರಿ. ಗಾಡಿಯನ್ನು ಓರೆಯಾಗಿ ನಿಲ್ಲಿಸಿ, ನಟ್ಟಿನ ಮುಖ ಸ್ವಲ್ಪ ಮೇಲಾಗಲಿ. ಆಮೇಲೆ ಹನಿ ಹನಿ ಎಣ್ಣೆ. ಆಮೇಲೆ ಸುತ್ತಿಗೆ. ಜೋರಾಗಿ ಬೇಡ, ನಟ್ಟಿನ ಆರೂ ಮುಖಕ್ಕೆ ಸುತ್ತಲೂ ಟಕ ಟಕ ಅಂತ ಬಡಿಯುತ್ತಾ ಹೋಗಿ. ಆ ಅದುರಿಗೆ ತುಕ್ಕಿನಲ್ಲಿ ಸಣ್ಣ ಬಿರುಕು ಬೀಳುತ್ತದೆ, ಎಣ್ಣೆ ಆ ಬಿರುಕಿನಲ್ಲಿ ಇಳಿಯುತ್ತದೆ. ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ. ಅವಸರ ಮಾಡಬೇಡಿ. ಥರ್ಮಲ್ ಸ್ಟೇಷನ್ನಿನಲ್ಲಿ ಬೂದಿಯಲ್ಲಿ ಹೂತುಹೋದ ಬೋಲ್ಟುಗಳನ್ನು ನಾವು ಬಿಚ್ಚುವುದೂ ಇದೇ ರೀತಿ.

ಕೆಎ36:
ಎಣ್ಣೆ ಹಾಕುವಾಗ ಬ್ರೇಕ್ ಡ್ರಮ್ ಕಡೆ ಹೋಗದ ಹಾಗೆ ಬಟ್ಟೆ ಕಟ್ಟು. ಬ್ರೇಕ್ ಶೂ ಎಣ್ಣೆ ಕುಡಿದರೆ ಹಿಂದಿನ ಬ್ರೇಕ್ ಹಿಡಿಯುವುದಿಲ್ಲ. ಇದನ್ನು ಯಾರೂ ಹೇಳಲಿಲ್ಲ, ಅದಕ್ಕೇ ಬರೆದೆ.

ಶಕ್ತಿನಗರ ಫಿಟ್ಟರ್:
ಒಳ್ಳೆಯದು ನೆನಪಿಸಿದಿರಿ. ಟೈರಿನ ಮೇಲೂ ಬೀಳಬಾರದು.

ಹಳೇ ಬುಲೆಟ್:
ಈ ತುಕ್ಕಿನ ಮಾತು ಬಂದಾಗಲೆಲ್ಲ ನನಗೆ ನಮ್ಮ ಡ್ಯಾಮಿನ ಗೇಟು ಕಣ್ಣಿಗೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ಡ್ಯಾಮ್ ಮುಗಿದದ್ದೂ 1953ರಲ್ಲೇ. ಎಡದಂಡೆಯವರಿಗೆ ನೀರು ಸಿಗುತ್ತದೋ ಇಲ್ಲವೋ ಅಂತ ಇಡೀ ಜಿಲ್ಲೆ ಎದೆ ಹಿಡಿದುಕೊಂಡು ಕೂತಿತ್ತು.

ಗಂಗಾವತಿ ರೈಸ್‌ಮಿಲ್:
ಹೌದು, ಆ ವಾರ ನಮ್ಮೂರಲ್ಲಿ ಬೇರೆ ಮಾತೇ ಇರಲಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ಹರಿಯುವ ನೀರಲ್ಲೇ ಸ್ಟಾಪ್ ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿದರಲ್ಲ, ವಾರದಲ್ಲಿ. ಆ ವಯಸ್ಸಿನಲ್ಲಿ ಅಂಥ ಕೆಲಸಕ್ಕೆ ನಿಂತರು, ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಭತ್ತ ಉಳಿಯಿತು.

ಲೇತ್ ಬಳ್ಳಾರಿ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಹುಡುಗನ ನಟ್ಟು ಬಿಚ್ಚೋಣ.

ಎಡದಂಡೆ:
ಫಿಟ್ಟರ್ ಸರ್ ಹೇಳಿದ ಹಾಗೆ ಉಜ್ಜಿ, ಎಣ್ಣೆ ಹಾಕಿ, ಬಡಿದು ಬಿಟ್ಟಿದ್ದೇನೆ. ಅಸಿಟೋನ್ ಸಿಗಲಿಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಪ್ರೇ ಸಿಕ್ಕಿತು. ಉಜ್ಜಿದ ಮೇಲೆ ಒಂದು ವಿಷಯ ಗೊತ್ತಾಯಿತು, ಥ್ರೆಡ್ ಪೂರ್ತಿ ಹೋಗಿಲ್ಲ, ಹೊರಗಿನ ಸುತ್ತುಗಳು ಚೆನ್ನಾಗಿಯೇ ಇವೆ. ಎಣ್ಣೆ ಹಾಕಿದ ಸ್ವಲ್ಪ ಹೊತ್ತಿಗೆ ನಟ್ಟಿನ ಕೆಳಗಿನ ಗೆರೆಯಿಂದ ಕಂದು ಬಣ್ಣದ ರಸ ಹೊರಗೆ ಬರುತ್ತಿದೆ. ಇದು ಒಳ್ಳೆಯ ಲಕ್ಷಣವಾ?

ಶಕ್ತಿನಗರ ಫಿಟ್ಟರ್:
ತುಂಬಾ ಒಳ್ಳೆಯದು. ಎಣ್ಣೆ ಒಳಗೆ ಹೋಗಿ ತುಕ್ಕು ತೊಳೆದು ತರುತ್ತಿದೆ. ಒರೆಸಿ ಮತ್ತೆ ಹಾಕಿ.

ಮಸ್ಕಿ ತಮ್ಮ:
ಕಾಯಿಸಿದರೆ ಐದು ನಿಮಿಷದ ಕೆಲಸ. ಸುಮ್ನೆ ರಾತ್ರಿಯೆಲ್ಲ ಯಾಕೆ ಕಾಯುತ್ತೀರಿ?

ಲೇತ್ ಬಳ್ಳಾರಿ:
ಕಾಯಿಸುವುದು ಒಳ್ಳೆಯ ಉಪಾಯವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಯಾವಾಗ, ಎಲ್ಲಿ ಅಂತ ತಿಳಿದು ಮಾಡಬೇಕು. ಸ್ಟೀಲ್ 200 ಡಿಗ್ರಿ ಜಾಸ್ತಿ ಕಾದರೆ 12 ಮಿಲಿಮೀಟರ್ ತೂತು ಹಿಗ್ಗುವುದು 0.03 ಮಿಲಿಮೀಟರ್ ಮಾತ್ರ. ಕಣ್ಣಿಗೆ ಕಾಣದಷ್ಟು. ಆದರೆ ತುಕ್ಕಿನ ಹಿಡಿತ ಒಡೆಯಲು ಅಷ್ಟೇ ಸಾಕು. ಷರತ್ತು ಏನೆಂದರೆ ನಟ್ಟು ಮಾತ್ರ ಬೇಗ ಕಾಯಬೇಕು, ಒಳಗಿನ ಆಕ್ಸಲ್ ತಣ್ಣಗಿರಬೇಕು. ಸಣ್ಣ ಜ್ವಾಲೆ ಇಟ್ಟುಕೊಂಡು ನಿಧಾನಕ್ಕೆ ಕಾಯಿಸಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಏನೂ ಪ್ರಯೋಜನ ಇಲ್ಲ.

ಕೊಪ್ಪಳದ ಟೀಚರ್:
ಮತ್ತೆ ಅಪಾಯದ ಮಾತು. ಸ್ಪ್ರೇ ಹೊಡೆದ ಮೇಲೆ ಬೆಂಕಿ ಹಿಡಿಯಬೇಡಿ, ಎಣ್ಣೆಯ ಆವಿಗೇ ಹತ್ತಿಕೊಳ್ಳುತ್ತದೆ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಬೇಕು, ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲನ್ನೂ ಬಸಿಯಬೇಕು. ಪಕ್ಕದಲ್ಲಿ ಒದ್ದೆ ಗೋಣಿಚೀಲ, ಒಂದು ಬಕೆಟ್ ಮರಳು ಇಟ್ಟುಕೊಳ್ಳಿ. ಅಡುಗೆಮನೆ ಸಿಲಿಂಡರ್ ಅಂಗಳಕ್ಕೆ ತರುವ ಯೋಚನೆಯನ್ನೇ ಮಾಡಬೇಡಿ.

ಶಕ್ತಿನಗರ ಫಿಟ್ಟರ್:
ಚಕ್ರದ ಬೇರಿಂಗ್ ಕೂಡ ಅಲ್ಲೇ ಪಕ್ಕದಲ್ಲಿದೆ. ಜಾಸ್ತಿ ಕಾದರೆ ಒಳಗಿನ ಗ್ರೀಸ್ ಕರಗಿ ಹರಿಯುತ್ತದೆ, ಆಯಿಲ್ ಸೀಲ್ ಸುಟ್ಟುಹೋಗುತ್ತದೆ. ನಟ್ಟಿನ ಒಳಗೆ ನೈಲಾನ್ ಉಂಗುರ ಇದ್ದರೆ ಅದೂ ಹೋಯಿತು, ಆ ನಟ್ಟನ್ನು ಮತ್ತೆ ಹಾಕಬಾರದು. ಬೆಂಕಿ ಇಲ್ಲದೆ ಬಿಸಿ ಬೇಕಾದರೆ ಹಾಟ್ ಏರ್ ಗನ್ ಇದೆ. ಸ್ಟಿಕ್ಕರ್ ಅಂಗಡಿಯವರ ಹತ್ತಿರ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಕಾದ ನಟ್ಟಿನ ಗೆರೆಗೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ತಾನೇ ಇಳಿಯುತ್ತದೆ, ಜಾರಿಕೆ ಕೊಡುತ್ತದೆ. ನಮ್ಮಲ್ಲಿ ಹಳಬರು ಇದನ್ನೇ ಮಾಡುತ್ತಾರೆ, ನಾನೂ ಮಾಡುತ್ತೇನೆ.

ಮಸ್ಕಿ ತಮ್ಮ:
ಮೇಣದ ವಿಷಯ ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಹಳೇ ಬುಲೆಟ್:
ರಾಯಚೂರಿನ ಮೇ ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಸಾಕು, ಬೇರೆ ಬೆಂಕಿಯೇ ಬೇಡ.

ಲೇತ್ ಬಳ್ಳಾರಿ:
ಬಿಸಿಲಿಗೆ ನಟ್ಟೂ ಆಕ್ಸಲ್ಲೂ ಒಟ್ಟಿಗೆ ಕಾಯುತ್ತವೆ, ಅದರಿಂದ ಬಿಚ್ಚಲು ಉಪಯೋಗ ಇಲ್ಲ. ಎಣ್ಣೆ ಸ್ವಲ್ಪ ತೆಳುವಾಗಿ ಬೇಗ ಇಳಿಯುತ್ತದೆ, ಅಷ್ಟು ಮಾತ್ರ ಹೌದು.

ಕೆಎ36:
ಇನ್ನೊಂದು. ಈ ಗಾಡಿಯಲ್ಲಿ ಚೈನ್ ಕಡೆ ಆಕ್ಸಲ್ ನಟ್ಟಿನ ಜೊತೆ ಸ್ಲೀವ್ ನಟ್ಟು ಅಂತ ದೊಡ್ಡದೊಂದು ಇದೆ. ಚೈನ್ ಅಡ್ಜಸ್ಟ್ ಮಾಡಬೇಕಾದರೆ ಅದನ್ನೂ ಸಡಿಲಿಸಬೇಕು. ಆಕ್ಸಲ್ ನಟ್ಟು ಬಂದ ಮೇಲೂ ಚಕ್ರ ಹಿಂದೆ ಸರಿಯದಿದ್ದರೆ ಕಾರಣ ಅದೇ. ಈಗಲೇ ಅದಕ್ಕೂ ಎಣ್ಣೆ ಹಾಕಿಡು.

ಎಡದಂಡೆ:
ಓ, ಅದನ್ನು ಗಮನಿಸಿಯೇ ಇರಲಿಲ್ಲ ಅಣ್ಣ. ಅದಕ್ಕೂ ಹಾಕಿದೆ. ಈಗ ಸ್ಪ್ಯಾನರ್ ಯಾವುದು ಹಾಕಲಿ? ರಿಂಗ್ ಸ್ಪ್ಯಾನರ್ ಮೂಲೆ ಹೋದ ಕಡೆ ಜಾರುತ್ತದೆ.

ಲೇತ್ ಬಳ್ಳಾರಿ:
ನಿನ್ನ ರಿಂಗ್ ಸ್ಪ್ಯಾನರ್‌ನಲ್ಲಿ ಹನ್ನೆರಡು ಮೂಲೆ ಇರುತ್ತವೆ, ಅದು ನಟ್ಟಿನ ತುದಿಯನ್ನಷ್ಟೇ ಹಿಡಿಯುತ್ತದೆ. ಆರು ಮೂಲೆಯ ಸಾಕೆಟ್ ಬೇಕು. ಅದು ಚಪ್ಪಟೆ ಮುಖವನ್ನೇ ಒತ್ತುತ್ತದೆ, ಉರುಟಾದ ನಟ್ಟಿಗೂ ಕೂರುತ್ತದೆ. ಅದೂ ಜಾರಿದರೆ ಒಂದು ಸೈಜ್ ಚಿಕ್ಕ ಸಾಕೆಟ್ ತೆಗೆದುಕೊಂಡು ಸುತ್ತಿಗೆಯಿಂದ ಬಡಿದು ಕೂರಿಸು. ಗುಜರಿಯಲ್ಲಿ ಹಳೇ ಸಾಕೆಟ್ ಸಿಗುತ್ತವೆ. ನಮ್ಮ ಕೌಲ್ ಬಜಾರ್ ಕಡೆ ಬಂದರೆ ನಾನೇ ಕೊಡುತ್ತೇನೆ.

ಸಾಕೆಟ್ ಕೂತ ಮೇಲೆ ಮೊದಲು ಬಿಚ್ಚುವ ದಿಕ್ಕಿಗೆ ಹೋಗಬೇಡ. ಟೈಟ್ ಮಾಡುವ ದಿಕ್ಕಿಗೆ ಒಂದು ಸಣ್ಣ ಒತ್ತು ಕೊಡು. ಕದಲುವುದೇ ಮುಖ್ಯ, ಯಾವ ಕಡೆ ಕದಲಿತು ಅನ್ನುವುದು ಮುಖ್ಯ ಅಲ್ಲ. ಆಮೇಲೆ ಬಿಚ್ಚುವ ಕಡೆ. ಕೈಯಿಂದ ಒಂದೇ ಸಮ ಎಳೆಯುವುದಕ್ಕಿಂತ ಹ್ಯಾಂಡಲ್ ತುದಿಗೆ ಸುತ್ತಿಗೆಯಿಂದ ಚುರುಕಾಗಿ ಒಂದು ಏಟು ಕೊಟ್ಟರೆ ಜಾಸ್ತಿ ಕೆಲಸವಾಗುತ್ತದೆ.

ಸಿರುಗುಪ್ಪ ಲಾರಿ:
ಇದನ್ನೇ ನಮ್ಮ ಟೈರ್ ಅಂಗಡಿಯ ಗಾಳಿ ಗನ್ನು ಮಾಡುತ್ತೆ. ಏಟಿನ ಮೇಲೆ ಏಟು. ಊರಿನ ಲಾರಿ ಟೈರ್ ಅಂಗಡಿಗೆ ತಳ್ಳಿಕೊಂಡು ಹೋಗಿ ಕೇಳು ತಮ್ಮಾ, ಪ್ರೆಷರ್ ಕಡಿಮೆ ಇಟ್ಟು ಹೊಡೆದುಕೊಡು ಅಂತ. ಪೈಪಿಗಿಂತ ಅದು ಒಳ್ಳೆಯದು, ಅದನ್ನು ನಾನೂ ಒಪ್ಪುತ್ತೇನೆ.

ಲೇತ್ ಬಳ್ಳಾರಿ:
ಈ ಮಾತು ಸರಿ. ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ ಇದ್ದರೆ ಮಾತ್ರ.

ಎಡದಂಡೆ:
ಕದಲಿತು! ಟೈಟ್ ದಿಕ್ಕಿಗೆ ಒತ್ತಿದಾಗ ಏನೂ ಆಗಲಿಲ್ಲ. ಬಿಚ್ಚುವ ಕಡೆ ಹ್ಯಾಂಡಲ್‌ಗೆ ಏಟು ಕೊಟ್ಟಾಗ ಟಕ್ ಅಂತ ಸದ್ದು ಬಂತು, ಮುರಿಯಿತೇನೋ ಅಂತ ಎದೆ ಧಸಕ್ ಅಂದಿತು. ನೋಡಿದರೆ ನಟ್ಟಿನ ಸುತ್ತ ಕೆಂಪು ಪುಡಿ ಉದುರಿದೆ, ಥ್ರೆಡ್ಡಿನ ಒಂದು ಸುತ್ತು ಹೊಸದಾಗಿ ಹೊಳೆಯುತ್ತಿದೆ. ಆದರೆ ಈಗ ಇನ್ನೊಂದು ತೊಂದರೆ. ನಟ್ಟು ತಿರುಗಿಸಿದರೆ ಆಕ್ಸಲ್ ಪೂರ್ತಿ ಅದರ ಜೊತೆ ತಿರುಗುತ್ತಿದೆ.

ಕೆಎ36:
ಆಚೆ ಬದಿ ಆಕ್ಸಲ್ ತಲೆಗೆ ಇನ್ನೊಂದು ಸ್ಪ್ಯಾನರ್ ಹಾಕಿ ಯಾರಾದರೂ ಹಿಡಿದುಕೊಳ್ಳಲಿ. ಆಕ್ಸಲ್ ತಿರುಗುತ್ತಿದೆ ಅಂದರೆ ಸಂತೋಷಪಡು, ಅದು ಬೇರಿಂಗಿಗೂ ಸ್ಪೇಸರಿಗೂ ಅಂಟಿಲ್ಲ ಅಂತ ಅರ್ಥ.

ಶಕ್ತಿನಗರ ಫಿಟ್ಟರ್:
ಈಗ ಒಂದೇ ಉಸಿರಿಗೆ ಪೂರ್ತಿ ಬಿಚ್ಚಬೇಡಿ. ಕಾಲು ಸುತ್ತು ಹೊರಗೆ, ಸ್ವಲ್ಪ ಒಳಗೆ, ಎಣ್ಣೆ, ಮತ್ತೆ ಕಾಲು ಸುತ್ತು. ಒಡೆದ ತುಕ್ಕಿನ ಪುಡಿ ಥ್ರೆಡ್ಡಿನಲ್ಲೇ ಸಿಕ್ಕಿಕೊಂಡರೆ ಅರ್ಧ ದಾರಿಯಲ್ಲಿ ಮತ್ತೆ ಕಚ್ಚುತ್ತದೆ. ಆಗ ಕಚ್ಚಿದರೆ ಥ್ರೆಡ್ ಹರಿದುಕೊಂಡೇ ಬರುವುದು.

ಎರೆಹೊಲ:
ನನ್ನದು ಮೂಲೆ ಪೂರ್ತಿ ಹೋಗಿ ಗುಂಡಗಾಗಿದೆ. ಸಾಕೆಟ್ ಯಾವುದೂ ಹಿಡಿಯುತ್ತಿಲ್ಲ. ಅಂಥದಕ್ಕೆ ಏನು ಮಾಡುವುದು? ನಡುವೆ ಕೇಳಿದ್ದಕ್ಕೆ ಬೇಜಾರಾಗಬೇಡಿ.

ಲೇತ್ ಬಳ್ಳಾರಿ:
ಕೇಳಿ, ಅದಕ್ಕೇ ತಾನೇ ಇಲ್ಲಿ ಕೂತಿರುವುದು. ಎರಡು ದಾರಿ ಇವೆ.

ನಟ್ಟನ್ನು ಬಲಿ ಕೊಡುವುದು ಒಂದು. ಹೊಸ ನಟ್ಟು ಅಗ್ಗ, ಆಕ್ಸಲ್ ದುಬಾರಿ. ಹ್ಯಾಕ್ಸಾ ಬ್ಲೇಡಿನಿಂದ ನಟ್ಟಿನ ಒಂದು ಚಪ್ಪಟೆ ಮುಖವನ್ನು ಆಕ್ಸಲ್‌ಗೆ ಸಮಾನಾಂತರವಾಗಿ ಕೊಯ್ಯುತ್ತಾ ಹೋಗಿ, ಥ್ರೆಡ್ ಮುಟ್ಟುವ ಸ್ವಲ್ಪ ಮುಂಚೆ ನಿಲ್ಲಿಸಿ. ಆ ಸೀಳಿನಲ್ಲಿ ಚಾಣ ಇಟ್ಟು ಒಂದು ಗಟ್ಟಿ ಏಟು ಕೊಟ್ಟರೆ ನಟ್ಟು ಬಾಯಿ ಬಿಡುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು. ಗ್ರೈಂಡರ್ ಹಿಡಿದರೆ ಬೇಗ ಆಗುತ್ತದೆ, ಆದರೆ ಕಿಡಿ ಹಾರುತ್ತದೆ, ಟ್ಯಾಂಕ್ ಇಳಿಸದೆ ಹಿಡಿಯಬಾರದು.

ಇನ್ನೊಂದು ವೆಲ್ಡಿಂಗ್. ಗುಂಡಗಾದ ನಟ್ಟಿನ ಮೇಲೆ ದೊಡ್ಡ ನಟ್ಟು ಇಟ್ಟು ಒಳಗಿಂದ ವೆಲ್ಡ್ ಮಾಡುವುದು. ಹಿಡಿಯಲು ಹೊಸ ಆರು ಮೂಲೆ ಸಿಗುತ್ತವೆ, ವೆಲ್ಡಿಂಗ್ ಬಿಸಿಗೆ ತುಕ್ಕೂ ಬಿಡುತ್ತದೆ. ಚಾಚಿದ ಥ್ರೆಡ್ಡಿಗೆ ವೆಲ್ಡ್ ತಾಗಬಾರದು. ಬ್ಯಾಟರಿ ವೈರ್ ಬಿಚ್ಚಿಡಿ, ಇಲ್ಲದಿದ್ದರೆ ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಸುಟ್ಟುಹೋಗಬಹುದು. ಅರ್ತ್ ಕ್ಲಾಂಪನ್ನು ಆಕ್ಸಲ್‌ಗೋ ನಟ್ಟಿನ ಪಕ್ಕಕ್ಕೋ ಹಾಕಿ. ಎಲ್ಲೋ ದೂರ ಹ್ಯಾಂಡಲ್‌ಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಗುಂಡುಗಳ ಮೇಲೆ ಕಲೆ ಬೀಳುತ್ತದೆ. ಬೇರಿಂಗ್ ಹೋದ ಮೇಲೆ ವೆಲ್ಡರನ್ನು ಬೈದು ಫಲ ಇಲ್ಲ.

ಎರೆಹೊಲ:
ಮೊದಲನೆಯದನ್ನೇ ಮಾಡುತ್ತೇನೆ ಅಣ್ಣ. ಬ್ಲೇಡ್ ಇದೆ, ಚಾಣ ಇದೆ.

ಎಡದಂಡೆ:
ಪೂರ್ತಿ ಬಂತು. ಅಪ್ಪ ಆಚೆ ಕಡೆ ಹಿಡಿದುಕೊಂಡರು, ನಾನು ಈಚೆ. ಸ್ಲೀವ್ ನಟ್ಟೂ ಸಡಿಲವಾಯಿತು. ಹೇಗೂ ಇಷ್ಟು ಮಾಡಿದ ಮೇಲೆ ಆಕ್ಸಲ್ ಹೊರಗೆ ತೆಗೆದು ಉಜ್ಜಿ ಗ್ರೀಸ್ ಹಚ್ಚಿಬಿಡೋಣ ಅಂತಿದ್ದೇನೆ. ಥ್ರೆಡ್ ತುದಿಗೆ ಸೀದಾ ಸುತ್ತಿಗೆ ಹೊಡೆಯಬಹುದಾ?

ಶಕ್ತಿನಗರ ಫಿಟ್ಟರ್:
ಸೀದಾ ಹೊಡೆಯಬೇಡಿ. ಥ್ರೆಡ್ ತುದಿ ಕೊಂಚ ಚಪ್ಪಟೆಯಾದರೂ ನಟ್ಟು ಮತ್ತೆ ಹತ್ತುವುದಿಲ್ಲ. ಹಳೇ ನಟ್ಟನ್ನು ತುದಿಯ ಸಮಕ್ಕೆ ಬರುವಷ್ಟು ಹಾಕಿ, ಮಧ್ಯೆ ಹಿತ್ತಾಳೆ ತುಂಡು ಇಲ್ಲ ಗಟ್ಟಿ ಮರದ ತುಂಡು ಇಟ್ಟು ಅದರ ಮೇಲೆ ಹೊಡೆಯಿರಿ. ಸರಿಯಲು ಶುರುವಾದ ಮೇಲೆ ನಟ್ಟು ತೆಗೆದು ಸಣ್ಣ ರಾಡ್ ಇಟ್ಟು ತಳ್ಳಿ. ಚಕ್ರದ ಕೆಳಗೆ ಇಟ್ಟಿಗೆಯೋ ಮರದ ತುಂಡೋ ಇಟ್ಟು ಭಾರ ಎತ್ತಿ ಹಿಡಿದರೆ ಆಕ್ಸಲ್ ಸಲೀಸಾಗಿ ಜಾರುತ್ತದೆ. ಸ್ಪೇಸರ್, ವಾಷರ್ ಯಾವುದರ ಪಕ್ಕ ಯಾವುದು ಇತ್ತು ಅಂತ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಕೊಪ್ಪಳದ ಟೀಚರ್:
ಮತ್ತೆ ಹಾಕುವಾಗ ಹೊಸ ನಟ್ಟು, ಹೊಸ ವಾಷರ್ ಹಾಕಿಬಿಡಿ. ಸ್ಪ್ಲಿಟ್ ಪಿನ್ ಇದ್ದರೆ ಅದೂ ಹೊಸದು. ಇನ್ನು ಮೇಲೆ ಪೊಟ್ಯಾಷ್ ತಂದ ದಿನ ಹಿಂದಿನ ಚಕ್ರಕ್ಕೆ ಒಂದು ಬಕೆಟ್ ಸಿಹಿನೀರು ಸುರಿಯಿರಿ, ಬೋರಿನ ಸೌಳು ನೀರು ಬೇಡ. ಚೀಲದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಇನ್ನೂ ಒಳ್ಳೆಯದು.

ಕೆಎ36:
ಚೈನ್ ತುಂಬಾ ಟೈಟ್ ಮಾಡಬೇಡ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಮೇಲೆ ಕೆಳಗೆ 20ರಿಂದ 30 ಮಿಲಿಮೀಟರ್ ಆಟ ಇರಬೇಕು. ಚಕ್ರ ತಿರುಗಿಸಿ ಬೇರೆ ಬೇರೆ ಕಡೆ ನೋಡು, ಎಲ್ಲಿ ಜಾಸ್ತಿ ಬಿಗಿ ಇದೆಯೋ ಅಲ್ಲಿ ಅಳತೆ ತೆಗೆ. ಎರಡೂ ಬದಿಯ ಅಡ್ಜಸ್ಟರ್ ಗುರುತು ಒಂದೇ ಗೆರೆಗೆ ಬರಬೇಕು, ಇಲ್ಲದಿದ್ದರೆ ಚಕ್ರ ಓರೆ ಓಡುತ್ತದೆ.

ಲೇತ್ ಬಳ್ಳಾರಿ:
ಥ್ರೆಡ್ಡಿಗೆ ಮತ್ತೆ ಕಚ್ಚದ ಹಾಗೆ ಆಂಟಿಸೀಜ್ ಪೇಸ್ಟ್, ಸಿಗದಿದ್ದರೆ ತೆಳ್ಳಗೆ ಗ್ರೀಸ್. ಗ್ರೀಸ್ ಹಚ್ಚಿದ ಥ್ರೆಡ್ ಸಲೀಸಾಗಿ ತಿರುಗುತ್ತದೆ. ಮೊದಲಿನಷ್ಟೇ ಬಲ ಹಾಕಿದರೂ ಜಾಸ್ತಿ ಬಿಗಿಯಾಗಿಬಿಡುತ್ತದೆ. ಸ್ಪ್ಯಾನರಿನ ಉದ್ದಕ್ಕೇ ನಿಲ್ಲಿಸು, ಅದರ ಮೇಲೆ ಹತ್ತಿ ನಿಲ್ಲಬೇಡ.

ಎಡದಂಡೆ:
ಎಲ್ಲ ಹಾಗೇ ಮಾಡಿದೆ. ಅಪ್ಪ ಒಂದು ಸುತ್ತು ಓಡಿಸಿ ಬಂದರು, ಚೈನ್ ಸದ್ದು ಇಲ್ಲ, ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ. ಲೇತ್ ಅಣ್ಣ, ಫಿಟ್ಟರ್ ಸರ್, ಟೀಚರ್ ಮೇಡಂ, ಕೆಎ36 ಅಣ್ಣ, ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿರುಗುಪ್ಪ ಅಣ್ಣನಿಗೂ.

ಸಿರುಗುಪ್ಪ ಲಾರಿ:
ಒಳ್ಳೆಯದಾಯಿತು ತಮ್ಮಾ.

ಎರೆಹೊಲ:
ನನ್ನದೂ ಸೀಳಿ ತೆಗೆದೆ, ಥ್ರೆಡ್ಡಿಗೆ ಏನೂ ಆಗಿಲ್ಲ. ಅದೇ ಗಾಡಿಯ ಸೈಲೆನ್ಸರ್ ನಟ್ಟುಗಳೂ ಹಿಡಿದುಕೊಂಡಿವೆ, ಎಂಜಿನ್ ಹೆಡ್ ಹತ್ತಿರದವು. ಅದಕ್ಕೂ ಇದೇ ಉಪಾಯವಾ?

ಲೇತ್ ಬಳ್ಳಾರಿ:
ಅಲ್ಲ, ಅದು ಇದಕ್ಕಿಂತ ನಾಜೂಕು. ಅಲ್ಲಿ ಸ್ಟೀಲ್ ಸ್ಟಡ್ಡು ಅಲ್ಯೂಮಿನಿಯಂ ಹೆಡ್ಡಿನೊಳಗೆ ಕೂತಿದೆ, ಸ್ಟಡ್ಡು ತೆಳ್ಳಗೆ, ಹೆಡ್ಡಿನೊಳಗೇ ಮುರಿದರೆ ಡ್ರಿಲ್ ಹಾಕಿಸಬೇಕಾಗುತ್ತದೆ. ಏಟು ಹಾಕಬೇಡ. ಎಂಜಿನ್ ತಣ್ಣಗಿರುವಾಗ ಎಣ್ಣೆ ಹಾಕಿ ರಾತ್ರಿ ಬಿಡು. ಬೆಳಿಗ್ಗೆ ಎಣ್ಣೆ ಒರೆಸಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಕೈ ಸುಡದಷ್ಟು ಆರಿದ ಮೇಲೆ ಪ್ರಯತ್ನ ಮಾಡು. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ನಟ್ಟಿನ ಜೊತೆ ಸ್ಟಡ್ಡೇ ಹೊರಗೆ ಬಂದರೆ ಬರಲಿ ಬಿಡು, ಹೊಸ ಸ್ಟಡ್ಡು ಹಾಕಬಹುದು.

ಎರೆಹೊಲ:
ಸರಿ ಅಣ್ಣ. ಒಂದು ಸ್ಟಡ್ಡು ಆಗಲೇ ಸ್ವಲ್ಪ ಬಾಗಿದ ಹಾಗಿದೆ.

ಲೇತ್ ಬಳ್ಳಾರಿ:
ಹಾಗಾದರೆ ಸ್ಪ್ಯಾನರ್ ಇಡು. ಹತ್ತಿರದಿಂದ ಫೋಟೋ ಹಾಕು, ನೋಡಿ ಹೇಳುತ್ತೇನೆ.